ಸಭೆ ಮಧ್ಯಾಹ್ನದ ಮೇಲೆ ಇಡಿ

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಪ್ರಶ್ನೆ: ಅಕ್ಕೋರೇ, ನಮ್ಮದು ಕಾರವಾರದ ಹತ್ತಿರ ಕಡಲ ಬದಿಯ ಊರು. ಮನೆಯವರು ಬೋಟಿಗೆ ಹೋಗುತ್ತಾರೆ. ನಾನು ಪೇಟೆಯಲ್ಲಿ ಮೀನು ಮಾರುತ್ತೇನೆ. ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 2ನೇ ತರಗತಿ. ಅಲ್ಲಿರುವುದು 19 ಮಕ್ಕಳು, ಇಬ್ಬರು ಶಿಕ್ಷಕರು. ಒಂದು, ಎರಡು, ಮೂರು ಎಲ್ಲ ಒಟ್ಟಿಗೇ ಕೂರುತ್ತಾರೆ. ಮನೆಯಲ್ಲಿ ನಾವು ಕೊಂಕಣಿ ಮಾತಾಡುವವರು, ಅವಳು ಶಾಲೆಯಲ್ಲಿ ಬಾಯಿ ಬಿಡುವುದಿಲ್ಲವಂತೆ. ಅಕ್ಕಪಕ್ಕದವರೆಲ್ಲ ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಕಳಿಸುತ್ತಿದ್ದಾರೆ. ನಾನೂ ಕಳಿಸಲೇ? ಈ ವರ್ಷ ನನ್ನನ್ನು ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಸೇರಿಸಿದ್ದಾರೆ. ಆದರೆ ಸಭೆ ಯಾವಾಗಲೂ ಬೆಳಿಗ್ಗೆ ಹನ್ನೊಂದಕ್ಕೆ. ಆಗ ನಾನು ಬುಟ್ಟಿ ಮುಂದೆ ಕೂತಿರುತ್ತೇನೆ. ಆಮೇಲೆ ಸಭೆಯಲ್ಲಿ ಆದದ್ದನ್ನು ಬರೆದ ಪುಸ್ತಕ ಮನೆಗೆ ಕಳಿಸುತ್ತಾರೆ, ಸಹಿ ಹಾಕಿ ಕೊಡುತ್ತೇನೆ. ಓದಿದ್ದು ಏಳನೇ ತನಕ ಮಾತ್ರ. ನನ್ನಿಂದ ಏನಾಗುತ್ತದೆ?

ಉತ್ತರ: ತಂಗಿ, ನಿನ್ನ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಆ ಹನ್ನೊಂದು ಗಂಟೆ. ಯಾಕೆಂದರೆ ನಾನೂ ಅದೇ ತಪ್ಪು ಮಾಡಿದವಳು.

ಅಂಕೋಲೆ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ ಆಗಿದ್ದಾಗ ಎರಡು ವರ್ಷ ಸಭೆಯನ್ನು ಹನ್ನೊಂದಕ್ಕೇ ಇಟ್ಟೆ. ಬರುತ್ತಿದ್ದವರು ನಾಲ್ಕು ಜನ ಗಂಡಸರು. ಈ ಊರಿನ ತಾಯಂದಿರಿಗೆ ಮಕ್ಕಳ ಚಿಂತೆಯೇ ಇಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಒಂದು ದಿನ ಬಸ್ಸಿನಲ್ಲಿ ಪಕ್ಕ ಕೂತ ತಾಯಿಯೊಬ್ಬಳು, ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು, "ಅಕ್ಕೋರೇ, ಮೂರೂವರೆಗೆ ಇಟ್ಟರೆ ನಾವೆಲ್ಲ ಬರ್ತಿದ್ವು" ಅಂದಳು. ಅಷ್ಟೇ. ಮುಂದಿನ ತಿಂಗಳು ಮೂರೂವರೆಗೆ ಇಟ್ಟೆ. ಹದಿನಾಲ್ಕು ಹೆಂಗಸರು ಬಂದರು. ಮೊದಲ ಸಭೆಯಲ್ಲೇ ಒಬ್ಬಳು ಎದ್ದು ನಿಂತು ಹೇಳಿದಳು: ಹುಡುಗಿಯರ ಶೌಚಾಲಯದ ಬಾಗಿಲಿಗೆ ಒಳಗಿನ ಚಿಲಕವಿಲ್ಲ, ಅದಕ್ಕೇ ಏಳನೇ ತರಗತಿಯವರು ಮಧ್ಯಾಹ್ನ ಊಟ ಆದ ಮೇಲೆ ಮನೆಗೆ ಓಡಿ ಬರುತ್ತಾರೆ. ಎರಡು ವರ್ಷದಲ್ಲಿ ಆ ನಾಲ್ಕು ಗಂಡಸರು ಒಮ್ಮೆಯೂ ಇದನ್ನು ಹೇಳಿರಲಿಲ್ಲ. ನನಗೂ ತಿಳಿದಿರಲಿಲ್ಲ. ಮಾರನೇ ದಿನ ಚಿಲಕ ಬಂತು. ಹುಡುಗಿಯರು ಸಂಜೆಯ ತನಕ ಉಳಿದರು.

ಹಾಗಾಗಿ ನಿನ್ನ ಮೊದಲ ಕೆಲಸ ಇದೇ. ಮಾಸ್ತರಲ್ಲಿಗೆ ಹೋಗಿ ಸಭೆಯ ಹೊತ್ತು ಬದಲಿಸಿ ಎಂದು ಕೇಳು. ಅವರಿಗೂ ಬಸ್ಸು ಹಿಡಿಯುವ ಅವಸರ ಇರುತ್ತದೆ, ಇಬ್ಬರಿಗೂ ಆಗುವ ಹೊತ್ತು ಹುಡುಕಿಕೊಳ್ಳಿ. ಇನ್ನು ಮೇಲೆ ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡ. ಸಭೆಯಲ್ಲಿ ಕೂತು, ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಹಾಕು. ಇದು ಯಾರೋ ಮಾಡುವ ಉಪಕಾರ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಎಂದು ಅದರಲ್ಲೇ ಬರೆದಿದೆ. ಶಾಲೆಗೆ ಏನು ಬೇಕೆಂಬ ಯೋಜನೆ ಮಾಡುವುದೂ, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದೂ ಸಮಿತಿಯ ಕೆಲಸ. ಏಳನೇ ತನಕ ಓದಿದವಳು ಇಷ್ಟನ್ನು ಧಾರಾಳವಾಗಿ ಮಾಡಬಹುದು.

ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅಲ್ವಾ? ಆ 61 ದಿನ ಅಪ್ಪಂದಿರು ದಡದಲ್ಲೇ ಇರುತ್ತಾರೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಅವರನ್ನು ಒಂದು ದಿನ ಬಲೆ ಸಮೇತ ಶಾಲೆಗೆ ಕರೆಸಿ. ಬಲೆಯ ಕಣ್ಣು ಅಳೆಯುವುದು, ಗಂಟು ಹಾಕುವುದು, ಯಾವ ಮೀನಿಗೆ ಎಷ್ಟು ಸಣ್ಣ ಕಣ್ಣು ಎಂದು ಹೇಳುವುದು, ಇದೆಲ್ಲ ಲೆಕ್ಕವೇ. ತನ್ನ ಅಪ್ಪ ಬೋರ್ಡಿನ ಹತ್ತಿರ ನಿಂತದ್ದನ್ನು ನೋಡಿದ ಮಗು ಮರುದಿನ ಶಾಲೆ ತಪ್ಪಿಸುವುದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.

ಮೂರು ತರಗತಿ ಒಟ್ಟಿಗೆ ಕೂರುವುದು ಶಿಕ್ಷಕರ ಸೋಮಾರಿತನ ಅಲ್ಲ. ಅದು ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಕಲಿಕೆಯ ಕ್ರಮ. ಮಗು ಕಾರ್ಡು ಎತ್ತಿಕೊಂಡು, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೇನೆ ಎಂದು ನೋಡಿಕೊಂಡು, ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ನಿಮ್ಮಂಥ ಸಣ್ಣ ಶಾಲೆಗೆ ಇದು ಚೆನ್ನಾಗಿ ಹೊಂದುತ್ತದೆ, ಶಿಕ್ಷಕರು ನಿಜವಾಗಿ ಮಾಡಿದರೆ. ಮಾಡುತ್ತಿದ್ದಾರೋ ಇಲ್ಲವೋ ತಿಳಿಯುವುದು ಸುಲಭ. ಅರ್ಧ ದಿನ ಹೋಗಿ ಹಿಂದೆ ಕೂತುಕೋ. ಮಗಳ ಕೈಗೆ ಅವಳು ಹಿಂದೆ ನೋಡಿರದ ಒಂದು ಪುಟ ಕೊಟ್ಟು ಓದಿಸು. ಬಾಯಿಪಾಠದ ಪುಟ ಬೇಡ.

ಕೊಂಕಣಿಯ ವಿಷಯ. ಅವಳು ಬಾಯಿ ಬಿಡದಿರುವುದು ದಡ್ಡತನ ಅಲ್ಲ. ಐದು ವರ್ಷ 'ಉದಾಕ' ಎಂದವಳಿಗೆ ಒಂದೇ ಬೆಳಿಗ್ಗೆ 'ನೀರು' ಎನ್ನು ಅಂದರೆ ಹೇಗೆ? ಮೊದಲು ಅವಳ ಮಾತಿನಲ್ಲೇ ಕಥೆ ಹೇಳಲು ಬಿಡಿ ಎಂದು ಮಾಸ್ತರರನ್ನು ಕೇಳು. ಮನೆಯಲ್ಲಿ ದಯವಿಟ್ಟು ಕೊಂಕಣಿ ನಿಲ್ಲಿಸಬೇಡ. ಈಗ ಕನ್ನಡಕ್ಕೇ ತಡವರಿಸುವ ಮಗುವನ್ನು ಪೂರ್ತಿ ಇಂಗ್ಲಿಷಿಗೆ ತಳ್ಳಿದರೆ ಅವಳ ಬಾಯಿ ಇನ್ನೂ ಜಾಸ್ತಿ ಮುಚ್ಚೀತು.

ಇಂಗ್ಲಿಷ್ ಬೇಕೆನ್ನುವವರು ತಪ್ಪು ಎಂದು ನಾನು ಹೇಳುವುದಿಲ್ಲ. ಬೇಕು. ಸರ್ಕಾರಿ ಶಾಲೆಯಲ್ಲೂ 1ನೇ ತರಗತಿಯಿಂದಲೇ ಅದು ಒಂದು ವಿಷಯವಾಗಿದೆ. ಚೆನ್ನಾಗಿ ಕಲಿಸಿ ಎಂದು ಸಮಿತಿಯಲ್ಲಿ ಕೂತು ಒತ್ತಾಯಿಸು. ನನ್ನನ್ನು ಕೇಳಿದರೆ ಐದನೇ ತನಕ ಮಗಳು ಊರಲ್ಲೇ ಓದಲಿ. ಆದರೆ ಶಿಕ್ಷಕರೇ ಸರಿಯಾಗಿ ಬರದಿದ್ದರೆ, ಹೇಳಿ ಹೇಳಿಯೂ ಸರಿಯಾಗದಿದ್ದರೆ, ನಿನ್ನ ಮಗಳ ವರ್ಷ ಹಾಳು ಮಾಡಿಕೋ ಎನ್ನಲಾರೆ.

ಇಬ್ಬರು ಶಿಕ್ಷಕರಲ್ಲಿ ಒಬ್ಬರನ್ನು ಬೇರೆ ಕಡೆ ಹಾಕುವ ಸುದ್ದಿ ಬಂದರೆ ಸುಮ್ನೆ ಕೂರಬೇಡಿ. ಒಂದರಿಂದ ಐದನೇ ತನಕದ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಎಂದು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಸಭೆ ಕರೆದು ಠರಾವು ಬರೆಯಿರಿ. ಅದರ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಸೀಲಿಲ್ಲದ ಅರ್ಜಿ ಕಳೆದುಹೋದರೆ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.

ಪ್ರಶ್ನೆ: ಶಿರಸಿ ಸೀಮೆಯ ನಮ್ಮ ಹಳ್ಳಿ ಶಾಲೆಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ದೊಡ್ಡ ಟಿವಿ ಕೊಡಬೇಕೆಂದಿದ್ದೇವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು ನಾವು. ಸರಿಯೇ?

ಉತ್ತರ: ನಿಮ್ಮ ಮನಸ್ಸು ದೊಡ್ಡದು. ಆದರೆ ಮಳೆಗಾಲದಲ್ಲಿ ನಮ್ಮ ಘಟ್ಟದ ಮೇಲೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ನಿಮಗೂ ನೆನಪಿರಬೇಕು. ಚುಟುಕು ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳ್ಳಿ ಮಕ್ಕಳಿಗೆ ಹೈಸ್ಕೂಲು ತಂದರು, ಯಾಕೆಂದರೆ ಇಲ್ಲಿ ಇಲ್ಲದ್ದು ಅದೇ ಆಗಿತ್ತು. ನಿಮ್ಮ ಶಾಲೆಯಲ್ಲಿ ಈಗ ಇಲ್ಲದ್ದು ಏನು ಎಂದು ಮೊದಲು ಕೇಳಿ. ಹಳ್ಳ ತುಂಬಿದ ದಿನ ಆಚೆ ದಡದ ಮಕ್ಕಳು ಬರುತ್ತಾರೆಯೇ? ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಹಳ್ಳ ದಾಟುವ ಅಡಿಕೆ ದಬ್ಬೆಯ ಕಾಲುಸಂಕ (ಸಣ್ಣ ಸೇತುವೆ) ಕೊಚ್ಚಿಹೋದರೆ ಐದು ಮಕ್ಕಳು ವಾರಗಟ್ಟಲೆ ಮನೆಯಲ್ಲೇ ಉಳಿಯುತ್ತಿದ್ದರು. ಹಾಗಿದ್ದರೆ ಗಟ್ಟಿ ಕಾಲುಸಂಕಕ್ಕೆ ಗ್ರಾಮಸಭೆಯಲ್ಲಿ ಊರವರ ಜೊತೆ ನೀವೂ ನಿಂತು ಕೇಳಿ, ಕಡಿಮೆ ಬಿದ್ದದ್ದನ್ನು ನೀವು ಸೇರಿಸಿ. ಜುಲೈಯಲ್ಲಿ ಎರಡು ದಿನ ರಜೆ ಹಾಕಿ ಊರಿಗೆ ಬನ್ನಿ. ಬೆಳಿಗ್ಗೆ ಆ ಮಕ್ಕಳ ಜೊತೆ ಕೊಡೆ ಹಿಡಿದು ಮನೆಯಿಂದ ಶಾಲೆಯ ತನಕ ನಡೆದು ನೋಡಿ. ಟಿವಿಯ ಮಾತು ಅದಾದ ಮೇಲೆ ಆಡೋಣ.