ಇರಲಿಲ್ಲ ಎಂಬುದಕ್ಕೆ ವಚನವಿಲ್ಲ

ಮಾನ್ಯರೇ,

ಇಂಗ್ಲಿಷಿನ ಭೂತಕಾಲದ ನಿಷೇಧ ಕ್ರಿಯಾಪದಗಳಲ್ಲಿ ಏಕವಚನ, ಬಹುವಚನಗಳನ್ನು ಆರಿಸಿಕೊಳ್ಳುವುದು ಹೇಗೆ ಎಂದು ನಮ್ಮ ವಿದ್ಯಾರ್ಥಿ ಪುಟಕ್ಕಾಗಿ ನೀವು ತೀರ್ಥಹಳ್ಳಿಯಿಂದ ಬರೆದು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅದನ್ನು ಅಚ್ಚು ಮಾಡಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ಭೂತಕಾಲದ ನಿಷೇಧ ಕ್ರಿಯಾಪದಗಳೆಲ್ಲ ಕರ್ತೃವಿನ ವಚನಕ್ಕೆ ತಕ್ಕಂತೆ ಬದಲಾಗುತ್ತವೆ ಎಂದು ಆರಂಭದಲ್ಲೇ ಬರೆದಿದ್ದೀರಿ. ಇದು ತಪ್ಪು. ಡಿಡ್ ನಾಟ್, ಹ್ಯಾಡ್ ನಾಟ್, ಕುಡ್ ನಾಟ್ ಇವು ಕರ್ತೃ ಒಬ್ಬನಾದರೂ ನೂರು ಮಂದಿಯಾದರೂ ಒಂದೇ ರೂಪದಲ್ಲಿರುತ್ತವೆ. ಭೂತಕಾಲದಲ್ಲಿ ವಚನಭೇದವನ್ನು ಉಳಿಸಿಕೊಂಡಿರುವುದು, 'ಇರು' ಎಂಬ ಅರ್ಥದ 'ಬಿ' ಎಂಬ ಒಂದೇ ಕ್ರಿಯಾಪದ. ವಾಸ್ ನಾಟ್, ವರ್ ನಾಟ್ ಎಂಬ ಆಯ್ಕೆ ಅದರದ್ದು ಮಾತ್ರ. ಆದರೆ 'ಬರುತ್ತಿರಲಿಲ್ಲ' ಎಂಬಂಥ ವಾಕ್ಯಗಳಲ್ಲಿಯೂ ಕರ್ಮಣಿ ಪ್ರಯೋಗದಲ್ಲಿಯೂ ಅದೇ ಸಹಾಯಕ್ಕೆ ನಿಲ್ಲುವುದರಿಂದ, ಈ ಒಂದೇ ಆಯ್ಕೆ ಪುಟಕ್ಕೆ ಹತ್ತು ಸಲ ಎದುರಾಗುತ್ತದೆ.

ಅದಕ್ಕಿಂತ ದೊಡ್ಡ ಕೊರತೆಯೆಂದರೆ, ನಮ್ಮ ಮಕ್ಕಳು ಇಲ್ಲಿಯೇ ಏಕೆ ಎಡವುತ್ತಾರೆಂದು ನೀವು ಕೇಳಿಕೊಂಡೇ ಇಲ್ಲ. ಇದ್ದೆ, ಇದ್ದಳು, ಇದ್ದರು, ಇತ್ತು, ಇದ್ದವು ಎಂದು ಕರ್ತೃವನ್ನು ಹಿಂಬಾಲಿಸುವ ಕನ್ನಡದ ಕ್ರಿಯಾಪದ, ನಿಷೇಧಕ್ಕೆ ಬಂದ ಕೂಡಲೇ 'ಇರಲಿಲ್ಲ' ಎಂಬ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ನಾನು ಇರಲಿಲ್ಲ, ಅವಳು ಇರಲಿಲ್ಲ, ಮರಗಳು ಇರಲಿಲ್ಲ. ಹೀಗಾಗಿ ಡಿಡ್ ನಾಟ್ ನಮ್ಮ ಮಗುವಿಗೆ ಸಲೀಸಾಗಿ ಒಗ್ಗುತ್ತದೆ. ವಾಸ್ ನಾಟ್, ವರ್ ನಾಟ್ ಮುಂದೆ ಬಂದಾಗ ಮಾತ್ರ, 'ಇರಲಿಲ್ಲ' ಎನ್ನುವಾಗ ತನ್ನ ಭಾಷೆ ಕೇಳದ ಪ್ರಶ್ನೆಗೆ ಅದು ಉತ್ತರ ಹುಡುಕಬೇಕಾಗುತ್ತದೆ.

ನಿಮ್ಮದೇ ವಾಕ್ಯವನ್ನು ನೋಡಿ: 'ಆ ದಿನ ಆಗುಂಬೆ ಘಾಟಿಯಲ್ಲಿ ಬಸ್ಸು ಇರಲಿಲ್ಲ.' ಇದನ್ನು ನೀವು 'ದೇರ್ ವಾಸ್ ನಾಟ್ ಎನಿ ಬಸಸ್' ಎಂದು ಅನುವಾದಿಸಿದ್ದೀರಿ. ಕನ್ನಡದಲ್ಲಿ 'ಹತ್ತು ಬಸ್ಸು' ಎಂದರೂ ನಡೆಯುವುದರಿಂದ, ಬರೀ 'ಬಸ್ಸು' ಎಂದಾಗ ಒಂದೋ ಹಲವೋ ಎಂದು ತೀರ್ಮಾನಿಸುವ ಅಗತ್ಯ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ತೀರ್ಮಾನಿಸಲೇಬೇಕು. ಬಸಸ್ ಎಂದು ಬಹುವಚನವನ್ನು ಆರಿಸಿಕೊಂಡ ಮೇಲೆ ವರ್ ನಾಟ್ ಎಂದೇ ಬರೆಯಬೇಕು, ಏಕೆಂದರೆ 'ದೇರ್' ಎಂಬುದು ಕರ್ತೃವಿನ ಜಾಗದಲ್ಲಿ ಸುಮ್ಮನೆ ಕುಳಿತಿರುವ ಪದ. ವಚನವನ್ನು ನಿರ್ಧರಿಸುವ ನಾಮಪದ ಕ್ರಿಯಾಪದದ ನಂತರ ಬರುತ್ತದೆ. ಅಡಿಕೆಯ ಮಾತೂ ಹೀಗೆಯೇ. ಅಂಗಳದಲ್ಲಿ ಹರವಿದ ಬೆಳೆಯನ್ನು ಒಟ್ಟಾಗಿ ಹೇಳುವಾಗ ವಾಸ್ ನಾಟ್ ಡ್ರೈ. ಕೈಯಲ್ಲಿ ಹಿಡಿದ ನಾಲ್ಕು ಅಡಿಕೆಗಳನ್ನು ಎಣಿಸಿ ಹೇಳುವಾಗ ವರ್ ನಾಟ್ ಡ್ರೈ. ಎರಡೂ ಸರಿ, ಆದರೆ ಹೇಳುವ ಸಂಗತಿ ಬೇರೆ.

ಗೌರವ ಬಹುವಚನವನ್ನು ನೀವು ಪೂರ್ತಿಯಾಗಿ ಬಿಟ್ಟಿರುವುದು ನನಗೆ ಬೇಸರ ತಂದಿತು. 'ಅಜ್ಜ ಮನೆಯಲ್ಲಿರಲಿಲ್ಲ, ಅವರು ತೋಟಕ್ಕೆ ಹೋಗಿದ್ದರು' ಎನ್ನುವ ಮಗು 'ಅವರು' ಎಂಬುದನ್ನು ನೆಚ್ಚಿ ವರ್ ನಾಟ್ ಎಂದು ಬರೆಯುತ್ತದೆ. ಅದರ ವಿನಯ ಸರಿಯಾದದ್ದೇ, ಆದರೆ ಇಂಗ್ಲಿಷಿನಲ್ಲಿ ಅಜ್ಜ ಒಬ್ಬರೇ, ಆದ್ದರಿಂದ ವಾಸ್ ನಾಟ್. ಇದಕ್ಕೆ ವಿರುದ್ಧವಾಗಿ 'ಯೂ' ಎಂಬುದಕ್ಕೆ, ಎದುರಿಗೆ ಒಬ್ಬನೇ ನಿಂತಿದ್ದರೂ, ವರ್ ನಾಟ್ ಎಂದೇ ಬರಬೇಕು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿ.

'ನನ್ ಆಫ್ ದ ಬಾಯ್ಸ್' ಎಂಬುದರ ಮುಂದೆ ಬಹುವಚನ ಬರಲೇಬಾರದು ಎಂಬ ನಿಮ್ಮ ಮಾತನ್ನು ತೆಗೆದುಬಿಡಿ, ಎರಡೂ ಬಳಕೆಯಲ್ಲಿವೆ. 'ಇಫ್ ಐ ವರ್ ನಾಟ್' ಎಂಬ ಕಲ್ಪಿತ ಸಂದರ್ಭದ ರೂಪಕ್ಕೆ ಎರಡು ಸಾಲು ಸಾಕು. ಕೊನೆಯ ಪುಟದ ಕೋಷ್ಟಕ ಬೇಡ. ಅದನ್ನು ಬಾಯಿಪಾಠ ಮಾಡಿದ ಮಗುವೂ ಬಸ್ಸಿನ ವಾಕ್ಯದಲ್ಲಿ ತಪ್ಪುತ್ತದೆ.

ಲೇಖನವನ್ನು 'ಇರಲಿಲ್ಲ' ಎಂಬ ಪದದಿಂದಲೇ ಆರಂಭಿಸಿ ಮತ್ತೆ ಬರೆಯಿರಿ. ಘಾಟಿಯ ಬಸ್ಸನ್ನು ಹಾಗೆಯೇ ಉಳಿಸಿಕೊಳ್ಳಿ. ತಿದ್ದಿದ ಪ್ರತಿ ಶಿವಮೊಗ್ಗದ ಕಚೇರಿಗೆ ಬಂದ ದಿನವೇ ನಾನು ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ