ಹಿಮಾಲಯದ ಚಾರಣಕ್ಕೆ ಹತ್ತಿಯ ಬನಿಯನ್, ಮೇಲೊಂದು ದಪ್ಪ ಜಾಕೆಟ್ ಏಕೆ ಸಾಲದು?

ಡಿಸೆಂಬರಿನಲ್ಲಿ ಕಲಬುರಗಿಯಿಂದ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೊರಟಿರುವ ನಿಮಗೆ ಅಷ್ಟು ಸಾಲದು. ಪಾಲಿಯೆಸ್ಟರ್ ಅಥವಾ ಉಣ್ಣೆಯ ಒಳಂಗಿ, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಕೃತಕ ಬಟ್ಟೆಯ ಬೆಚ್ಚನೆಯ ಅಂಗಿ, ಗಾಳಿ ಮತ್ತು ಹಿಮವನ್ನು ತಡೆಯುವ ತೆಳುವಾದ ಹೊರ ಜಾಕೆಟ್ ಬೇಕು. ದಪ್ಪ ಜಾಕೆಟ್ ಇರಲಿ, ಆದರೆ ಅದು ನಡೆಯುವಾಗ ಅಲ್ಲ, ನಿಂತಾಗ ಮತ್ತು ಬಿಡಾರದಲ್ಲಿ ಧರಿಸಲು.

ಇದಕ್ಕೆಲ್ಲ ಕಾರಣ ಬೆವರು. ನಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಿ ಹತ್ತಿಯ ಅಂಗಿ ಹಿತವೆನಿಸುವುದು, ಅದು ಹೀರಿಕೊಂಡ ಬೆವರು ಆರುವಾಗ ಮೈಯ ಶಾಖವನ್ನೂ ಒಯ್ಯುತ್ತದೆ ಎಂಬುದರಿಂದ. ಸುಮಾರು 3,800 ಮೀಟರ್ ಎತ್ತರದ ಶಿಖರದ ಬಳಿ ಅದೇ ಗುಣ ಅಪಾಯಕಾರಿ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಆ ಜಾಗವನ್ನು ಬೆವರು ತುಂಬಿದರೆ, ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವ ನೀರು ಮೈಯನ್ನು ತಣ್ಣಗಾಗಿಸುತ್ತದೆ. ದಪ್ಪ ಜಾಕೆಟ್ ಹಾಕಿಕೊಂಡು ಏರು ಹತ್ತಿದರೆ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲೂ ಬೆನ್ನುಚೀಲದ ಕೆಳಗಿನ ಬನಿಯನ್ ತೊಯ್ದು ಬೆನ್ನಿಗಂಟುತ್ತದೆ, ನೀರು ಕುಡಿಯಲು ನಿಂತ ಕೆಲವೇ ನಿಮಿಷಗಳಲ್ಲಿ ನಡುಕ ಹತ್ತುತ್ತದೆ. ಬಿಡಿಬಿಡಿ ಪದರಗಳಿದ್ದರೆ ಬೆವರುವ ಮೊದಲೇ ಒಂದನ್ನು ತೆಗೆದು ಚೀಲಕ್ಕೆ ಹಾಕಬಹುದು.

ಒಳಂಗಿಗೆ ಹೆಚ್ಚು ಹಣ ಸುರಿಯಬೇಕಿಲ್ಲ, ಆಟದ ಸಾಮಾನಿನ ಅಂಗಡಿಯ ಸಾದಾ ಪಾಲಿಯೆಸ್ಟರ್ ಅಂಗಿ ಸಾಕು. ಆದರೆ ರಾತ್ರಿ ಮಲಗಲು ಒಂದು ಜೊತೆ ಒಳಉಡುಪು ಮತ್ತು ಉಣ್ಣೆಯ ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಡಿ, ಹಗಲಿನಲ್ಲಿ ಎಷ್ಟೇ ಚಳಿಯೆನಿಸಿದರೂ ಅವನ್ನು ಮುಟ್ಟಬೇಡಿ.