ಸಾಕ್ಷಿ ಹೇಳಿ ಬಂದ ರಾತ್ರಿ ನಿದ್ದೆ ಬರುವುದಿಲ್ಲ

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರ ಗೃಹಿಣಿ, ವಯಸ್ಸು 46. ನಮ್ಮದು ಅಜ್ಜನ ಕಾಲದಿಂದಲೂ ಮೆಥೋಡಿಸ್ಟ್ ಸಭೆಗೆ ಸೇರಿದ ಮನೆತನ. ನಾಲ್ಕು ಎಕರೆಯಲ್ಲಿ ಸೋಯಾ, ತೊಗರಿ ಬೆಳೆಯುತ್ತೇವೆ. ಈ ಸಲ ರಾಶಿಯ ಹೊತ್ತಿಗೆ ಮಳೆ ಹಿಡಿದು ಸೋಯಾ ಹೊಲದಲ್ಲೇ ಕೊಳೆಯಿತು. ಸೊಸೈಟಿಯ ಸಾಲ ಹಾಗೆಯೇ ಉಳಿದಿದೆ. ಹೈದರಾಬಾದಿನಲ್ಲಿ ಕೆಲಸ ಹುಡುಕುತ್ತಿರುವ ಮಗ ಫೋನ್ ಎತ್ತದ ದಿನ ನನಗೆ ಊಟ ಸೇರುವುದಿಲ್ಲ. ಬುಧವಾರದ ಮನೆಕೂಟದಲ್ಲಿ ಇದನ್ನು ಹೇಳಿಕೊಂಡಾಗ ಹಿರಿಯ ಅಕ್ಕನೊಬ್ಬರು, ಚಿಂತೆ ಮಾಡುವುದೆಂದರೆ ದೇವರನ್ನು ನಂಬದೆ ಇರುವುದೇ ಎಂದುಬಿಟ್ಟರು. ಅಂದಿನಿಂದ ನಾನು ಕೂಟದಲ್ಲಿ ಎದ್ದು ನಿಂತು, ಕರ್ತನು ನನ್ನ ಚಿಂತೆಯನ್ನೆಲ್ಲ ತೆಗೆದುಹಾಕಿದನೆಂದು ಸಾಕ್ಷಿ ಹೇಳುತ್ತೇನೆ. ಮನೆಗೆ ಬಂದು ಕೋಳಿ ಕೂಗುವವರೆಗೂ ಎಚ್ಚರವಾಗಿರುತ್ತೇನೆ. ಈಗ ಸುಳ್ಳು ಸಾಕ್ಷಿಯ ಪಾಪವೂ ಸೇರಿಕೊಂಡಿತಲ್ಲ ಎಂಬ ಸಂಕಟ. ಕೂಟಕ್ಕೆ ಹೋಗುವುದನ್ನೇ ಬಿಟ್ಟುಬಿಡಲೇ?

ಉತ್ತರ: ಕೂಟವನ್ನು ಬಿಡಬೇಡಿ, ಆ ಸಾಕ್ಷಿಯನ್ನು ಮಾತ್ರ ನಿಲ್ಲಿಸಿ. ಬೆಳೆ, ಸಾಲ ಮತ್ತು ಮಗನ ಕುರಿತ ಚಿಂತೆಗೆ ಕಣ್ಣೆದುರಿಗೇ ಕಾರಣಗಳಿವೆ. ಆದರೆ ಚಿಂತಿಸುವವಳು ಅವಿಶ್ವಾಸಿ ಎಂಬ ನಾಚಿಕೆಯನ್ನು ಒಂದೇ ಒಂದು ಮಾತು ನಿಮ್ಮ ಮೇಲೆ ಹೊರಿಸಿದೆ, ಮತ್ತು ನಿಮ್ಮ ಪತ್ರವನ್ನು ಓದಿದರೆ ನಿದ್ದೆಯನ್ನು ಹೆಚ್ಚು ಕೆಡಿಸುತ್ತಿರುವುದು ಈ ಎರಡನೆಯದೇ ಎಂದು ನನಗೆ ತೋರುತ್ತದೆ.

ಆ ಅಕ್ಕನವರು ಬೈಬಲಿನ ವಾಕ್ಯವನ್ನೇ ಆಧಾರವಾಗಿ ಇಟ್ಟುಕೊಂಡು ಮಾತನಾಡಿರಬೇಕು. ಊಟ ಬಟ್ಟೆಗಳಿಗಾಗಿ ಚಿಂತೆ ಮಾಡಬೇಡಿ ಎಂದು ಯೇಸು ಹೇಳಿದ್ದು ನಿಜ. ಆದರೆ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿದರೆ, ಇವೆಲ್ಲ ನಿಮಗೆ ಬೇಕಾಗಿವೆ ಎಂಬುದು ಪರಲೋಕದ ತಂದೆಗೆ ತಿಳಿದಿದೆ ಎಂಬ ಕಾರಣವನ್ನೂ ಆತನು ಜೊತೆಗೇ ಕೊಟ್ಟಿದ್ದಾನೆ ಎಂಬುದು ಕಾಣುತ್ತದೆ. ನಾಳಿನ ಊಟಕ್ಕೆ ಖಾತ್ರಿಯಿಲ್ಲದ ಜನರಿಗೆ ಹೇಳಿದ ಸಮಾಧಾನದ ಮಾತು ಅದು. ಅದನ್ನು ದೋಷಾರೋಪಣೆಯ ಪಟ್ಟಿಯಂತೆ ಓದುವುದು ನ್ಯಾಯವಲ್ಲ. ಅಧ್ಯಾಯದ ಕೊನೆಯಲ್ಲಿ ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು ಎನ್ನುವಾಗ, ಕಾಟ ಇದ್ದೇ ಇದೆ ಎಂಬುದನ್ನು ಆತನೇ ಒಪ್ಪಿಕೊಂಡಂತಾಯಿತು. ಯಾವ ವಿಷಯಕ್ಕೂ ಚಿಂತೆ ಮಾಡಬೇಡಿರೆಂದು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಅಪೊಸ್ತಲ ಪೌಲನೇ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಎಲ್ಲ ಸಭೆಗಳ ಚಿಂತೆ ದಿನದಿನವೂ ತನ್ನ ಮೇಲಿದೆ ಎಂದು ಮರೆಮಾಚದೆ ಹೇಳುತ್ತಾನೆ. ಅವನನ್ನು ಅವಿಶ್ವಾಸಿಯೆಂದು ಯಾರೂ ಕರೆದದ್ದಿಲ್ಲ.

ನಿಮಗೆ ಹತ್ತಿರವಾಗಬಹುದಾದವಳು, ಸಮುವೇಲನ ಮೊದಲನೆಯ ಪುಸ್ತಕದ ಹನ್ನ. ಮಕ್ಕಳಿಲ್ಲದ ದುಃಖ, ಜೊತೆಗೆ ಸವತಿಯ ಚುಚ್ಚುಮಾತು. ಊಟ ಬಿಟ್ಟು ಅತ್ತವಳು ಅವಳು. ಶೀಲೋವಿನ ದೇವಾಲಯದಲ್ಲಿ ಅವಳು ತುಟಿಯನ್ನಷ್ಟೇ ಅಲುಗಿಸುತ್ತಾ ಪ್ರಾರ್ಥಿಸುತ್ತಿದ್ದಾಗ ಬಾಗಿಲ ಬಳಿ ಕುಳಿತಿದ್ದ ಯಾಜಕನಾದ ಏಲಿಯು ನೋಡಿ, ಕುಡಿದು ಬಂದಿದ್ದಾಳೆಂದು ತಿಳಿದು ಗದರಿಸಿದನು. ಬಾಗಿಲ ಬಳಿ ಕುಳಿತವರು ಒಳಗಿನವರ ದುಃಖವನ್ನು ತಪ್ಪಾಗಿ ಓದುವುದು ಅಂದಿನಿಂದಲೂ ನಡೆದು ಬಂದಿದೆ. ಹನ್ನಳು ತಲೆತಗ್ಗಿಸಿ ಎದ್ದು ಹೋಗಲಿಲ್ಲ. ನೆಮ್ಮದಿಯಿಂದ ಇರುವವಳಂತೆ ನಟಿಸಲೂ ಇಲ್ಲ. ನಾನು ಬಹಳ ನೊಂದವಳು, ನನ್ನ ಮನಸ್ಸಿನಲ್ಲಿದ್ದುದನ್ನು ದೇವರ ಮುಂದೆ ಹೊಯ್ದುಕೊಳ್ಳುತ್ತಿದ್ದೇನೆ ಎಂದು ನೇರವಾಗಿ ಉತ್ತರಿಸಿದಳು. ಆಗ ಏಲಿಯೇ ಅವಳನ್ನು ಹರಸಿ ಕಳುಹಿಸಿದನು. ಅವಳು ಹೋಗಿ ಊಟ ಮಾಡಿದಳು, ಮುಖದ ಬಾಡಿಕೆ ಹೋಯಿತು ಎಂದು ಅಲ್ಲಿ ಬರೆದಿದೆ, ಮತ್ತು ಇದೆಲ್ಲ ನಡೆದದ್ದು ಮಗು ಹುಟ್ಟುವುದಕ್ಕೆ ಮೊದಲು. ಕೇಳಿಕೊಂಡದ್ದು ಇನ್ನೂ ಕೈಗೆ ಬಂದಿರಲಿಲ್ಲ. ಹೇಳಬೇಕಾದದ್ದನ್ನು ಹೇಳಬೇಕಾದವನಿಗೆ ಹೇಳಿ ಮುಗಿಸಿದ್ದಳು, ಅಷ್ಟೇ.

ನೀವು ದೇವರಿಗೆ ಏನು ಹೇಳುತ್ತೀರೆಂಬುದು ಪತ್ರದಲ್ಲಿಲ್ಲ. ಕರ್ತನೇ ಸಮಾಧಾನ ಕೊಡು ಎಂದಷ್ಟೇ ಬೇಡುತ್ತಿದ್ದರೆ, ಭಾರವನ್ನು ಅವನ ಮೇಲೆ ಹಾಕಿದಂತಾಗಲಿಲ್ಲ. ಬೇಕಾದದ್ದನ್ನು ದೇವರಿಗೆ ತಿಳಿಯಪಡಿಸಿರಿ ಎಂಬುದು ಪೌಲನ ಮಾತು. ಮಲಗುವ ಮೊದಲು ಮಗನ ಹೆಸರು, ಸೊಸೈಟಿಗೆ ಕಟ್ಟಬೇಕಾದ ಮೊತ್ತ, ಅದರ ಗಡುವು, ಹೊಲದಲ್ಲಿ ಇನ್ನೂ ನಿಂತಿರುವ ತೊಗರಿ, ಇವನ್ನು ಒಂದೊಂದಾಗಿ ಬಾಯಿಬಿಟ್ಟು ಹೇಳಿ. ಅದರಲ್ಲಿ ನಿಮ್ಮ ಕೈಯಿಂದ ಆಗುವ ಕೆಲಸವನ್ನು ಬೆಳಿಗ್ಗೆಗೆಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮಳೆ, ದರ, ಮಗನಿಗೆ ಕೆಲಸ ಕೊಡುವವರ ಮನಸ್ಸು ನಿಮ್ಮ ಕೈಯಲ್ಲಿಲ್ಲದ್ದರಿಂದ ಅವು ಪುಸ್ತಕಕ್ಕೆ ಬರುವುದು ಬೇಡ.

ಪುಸ್ತಕದಲ್ಲಿ ಬರೆದ ಕೆಲಸವನ್ನು ಮಾಡುವುದು ನಂಬಿಕೆಯ ಕೊರತೆಯಲ್ಲ. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ನೋಂದಾಯಿಸಿದ್ದರೆ, ಹೊಲದಲ್ಲಿ ನೀರು ನಿಂತೋ, ಕೊಯ್ದು ಹರಡಿದ ಬೆಳೆ ಮಳೆಗೆ ಸಿಕ್ಕೋ ಆದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಆ ಅವಧಿ ಮೀರಿದ್ದರೂ, ಆಯ್ದ ಹೊಲಗಳಲ್ಲಿ ಕೊಯ್ದು ಅಳೆಯುವ ಬೆಳೆ ಕಟಾವು ಪ್ರಯೋಗದ ಇಳುವರಿಯ ಮೇಲೆ ತೀರ್ಮಾನವಾಗುವ ಪರಿಹಾರ ಬೇರೆಯೇ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸಹಕಾರ ಸಂಘದ ಶೂನ್ಯ ಬಡ್ಡಿಯ ಸಾಲದ ಅನುಕೂಲ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಸಿಗುವುದರಿಂದ, ಗಡುವು ಮುಗಿಯುವುದಕ್ಕೆ ಮುಂಚೆ ನಿಮ್ಮ ಯಜಮಾನರು ಕಾರ್ಯದರ್ಶಿಯವರನ್ನು ಕಂಡು ಮಾತನಾಡಲಿ. ಮಗನೊಂದಿಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಎಂಟು ಸಲ ಮಿಸ್ಡ್ ಕಾಲ್ ನೋಡಿದ ಹುಡುಗ ಒಂಬತ್ತನೆಯದನ್ನು ಎತ್ತಲು ಹೆದರುತ್ತಾನೆ.

ಇಷ್ಟೆಲ್ಲ ಮಾಡಿದ ಮೇಲೂ ನಡುರಾತ್ರಿ ಅದೇ ಚಿಂತೆ ಬಂದು ಕೂರಬಹುದು. ಪ್ರಾರ್ಥನೆ ಫಲಿಸಲಿಲ್ಲವೆಂದು ಆಗ ತೀರ್ಮಾನಿಸಬೇಡಿ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಅದೇ ಮಾತುಗಳನ್ನು ಹೇಳಿ ಮೂರು ಸಲ ಪ್ರಾರ್ಥಿಸಿದನು. ಒಪ್ಪಿಸಿದ ಭಾರವನ್ನು ಮತ್ತೆ ಮತ್ತೆ ಒಪ್ಪಿಸಬೇಕಾಗುತ್ತದೆ.

ಇದರ ನಡುವೆ ವೈದ್ಯರನ್ನೂ ಕಾಣಿ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಮತ್ತು ಊಟ ಎರಡೂ ಕೆಟ್ಟಿದ್ದರೆ ದೇಹಕ್ಕೂ ಆರೈಕೆ ಬೇಕು. ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮನೆಯಿಂದಲೇ ಮಾತನಾಡುವುದಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಪೌಲನ ಜೊತೆಗಾರನಾದ ಲೂಕನು ವೈದ್ಯನೇ ಆಗಿದ್ದನು ಎಂಬುದನ್ನು, ಮಾತ್ರೆ ನುಂಗಿದರೆ ನಂಬಿಕೆ ಕಡಿಮೆಯಾಯಿತು ಎನ್ನುವವರಿಗೆ ನೆನಪಿಸಿ.

ಇನ್ನು ಬುಧವಾರದ ಮಾತು. ಇದುವರೆಗೆ ಹೇಳಿದ್ದು ಮೋಸದ ಉದ್ದೇಶದಿಂದಲ್ಲ, ಮತ್ತೊಮ್ಮೆ ಗದರಿಸಿಕೊಳ್ಳುವ ಭಯದಿಂದ. ಅದನ್ನು ದೇವರ ಮುಂದೆ ಒಪ್ಪಿಕೊಂಡರೆ ಸಾಕು, ಕೂಟದ ನಡುವೆ ನಿಂತು ಪ್ರಾಯಶ್ಚಿತ್ತದಂತೆ ಹೇಳಬೇಕಾಗಿಲ್ಲ. ಪಾಸ್ಟರಮ್ಮನವರೋ, ನಿಮ್ಮ ಗುಟ್ಟು ಕಾಯುವ ಗೆಳತಿಯೋ, ಒಬ್ಬರಿಗೆ ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪ್ರಾಣ ಹೋಗುವಷ್ಟು ದುಃಖವಾಗಿದೆ, ನನ್ನೊಂದಿಗೆ ಎಚ್ಚರವಾಗಿರಿ ಎಂದು ಯೇಸುವೂ ಶಿಷ್ಯರಲ್ಲಿ ಮೂವರನ್ನೇ ಕೇಳಿಕೊಂಡದ್ದು. ಕೂಟದಲ್ಲಿ ನಿಮ್ಮ ಸರದಿ ಬಂದಾಗ ಸಾಕ್ಷಿಯ ಬದಲು ಪ್ರಾರ್ಥನಾ ವಿಜ್ಞಾಪನೆಯನ್ನು ಕೊಡಿ. ಹಿರಿಯ ಅಕ್ಕನವರು ಮತ್ತೆ ಅದೇ ಮಾತು ತೆಗೆದರೆ ವಾದಕ್ಕಿಳಿಯಬೇಡಿ. ನನ್ನ ಮಗನಿಗಾಗಿ ಅವನ ಹೆಸರು ಹಿಡಿದು ಈಗಲೇ ಪ್ರಾರ್ಥನೆ ಮಾಡಿರಿ ಅಕ್ಕಾ ಎಂದು ಅವರನ್ನೇ ಕೇಳಿಕೊಳ್ಳಿ.